ಇನ್ನೂರು ಟಿಕ್ಕು, ಒಂದು ಸೊನ್ನೆ

ಅವರನ್ನು ಸೊನ್ನೆ ಮೇಡಂ ಎಂದು ಕರೆದು ನಗುತ್ತಿದ್ದವರಲ್ಲಿ ನಾನೂ ಒಬ್ಬ. ನೆನೆದರೆ ಈಗಲೂ ಮೈ ಉರಿಯುತ್ತದೆ.

ನಮ್ಮದು ಉಸಿರಾಟದ ಯಂತ್ರ ಮಾಡುವ ಕಂಪನಿ. ಸ್ವಿಚ್ ಒತ್ತಿದೊಡನೆ ಯಂತ್ರವನ್ನು ಎಬ್ಬಿಸುವ ಪುಟ್ಟ ಪ್ರೋಗ್ರಾಂ, ಬೂಟ್‌ಲೋಡರ್, ಮೇಡಂ ಪಾಲಿನದು; ಅದನ್ನು ಪರೀಕ್ಷಿಸುವುದು ನನ್ನ ಪಾಲಿನದು. ಪ್ರೋಗ್ರಾಂ ಬರೆಯುವ ಸಿ ಭಾಷೆಯಲ್ಲಿ ಒಂದು ವೇರಿಯಬಲ್, ಅಂದರೆ ಬೆಲೆ ತುಂಬಿಡುವ ಪಾತ್ರೆ, ಬರೆದರೆ ಅದೇ ಸಾಲಿನಲ್ಲಿ ಅದಕ್ಕೊಂದು ಬೆಲೆ ಕೊಡಬೇಕು, ಕೊನೆಗೆ ಸೊನ್ನೆಯನ್ನಾದರೂ. ಇಲ್ಲದಿದ್ದರೆ ಮೆಮೊರಿಯ ಆ ಜಾಗದಲ್ಲಿ ಯಾವ ಕಸ ಬಿದ್ದಿರುತ್ತದೋ ಯಂತ್ರ ಅದನ್ನೇ ನಂಬುತ್ತದೆ. ಸೊನ್ನೆ ಬಿಟ್ಟವರಿಗೆ ಮೇಡಂ ಗ್ರಹಚಾರ ಬಿಡಿಸುತ್ತಿದ್ದರು.

"ನಮ್ಮತ್ತೆ ಮೂಗಲ್ಲಿ ಪೈಪಿದೆ. ಆದ್ರೂ ಮಲಗಿದ ಕಡೆಯಿಂದಾನೇ ತೊಳೀದ ಪಾತ್ರೆಗೆ ಹಾಲು ಹಾಕೋಕೆ ಬಿಡಲ್ಲ. ನಿಮಗೇನ್ರೀ ದೊಡ್ಡ ರೋಗ?"

ಆ ಪೈಪು ನಮ್ಮದೇ ಹಳೆಯ ಮಾದರಿಯ ಯಂತ್ರದ್ದು.

ಒಂದು ದಿನ ಆಸ್ಪತ್ರೆಯೊಂದರಿಂದ ದೂರು ಬಂತು: ಹೊಸ ಯಂತ್ರವೊಂದು ಏಳಲಿಲ್ಲ. ಮ್ಯಾನೇಜರ್ ನನ್ನ ಪರೀಕ್ಷೆಯ ಹಾಳೆಯನ್ನು ಮೇಡಂ ಮುಂದೆ ಎಸೆದರು. "ಇನ್ನೂರು ಸಲ ಇವರು ಆಫ್ ಆನ್ ಮಾಡಿದಾರೆ. ಇನ್ನೂರು ಟಿಕ್ಕು. ಇನ್ನೇನು ಬೇಕು?"

ಮೇಡಂ ನನ್ನ ಕಡೆ ತಿರುಗಿದರು. "ಆಫ್ ಮಾಡಿ ಎಷ್ಟು ಹೊತ್ತು ಬಿಟ್ರಿ?"

"ಒಂದರ್ಧ ಸೆಕೆಂಡು, ಮೇಡಂ."

"ಅಷ್ಟರಲ್ಲಿ ಮೆಮೊರೀಲಿರೋ ಹಳೆ ಬೆಲೆ ಎಲ್ರೀ ಅಳಿಸಿ ಹೋಗತ್ತೆ? ಅದನ್ನೇ ಓದ್ಕೊಂಡು ಮತ್ತೆ ಏಳತ್ತೆ. ಇನ್ನೂರು ಟಿಕ್ಕಿಗೂ ಅದೊಂದೇ ಪರೀಕ್ಷೆ. ನಾಚಿಕೆ ಆಗಲ್ವಾ?"

ನಾಚಿಕೆ ಆಮೇಲೆ ಬಂತು. ಆಗ ಬಂದದ್ದು ಬರೀ ಸಿಟ್ಟು.

ಮರುದಿನ ಬೆಳಿಗ್ಗೆಯೇ ಅವರು ಒಂದು ಹೊಸ ಯಂತ್ರದ ಪ್ಲಗ್ ಕಿತ್ತು ಮೇಜಿನ ಮೇಲೆ ಬಿಟ್ಟರು. ಸಂಜೆ ನಮ್ಮೆಲ್ಲರೆದುರು ಸ್ವಿಚ್ ಒತ್ತಿದರು. ಪರದೆ ಕಪ್ಪಗೇ ಉಳಿಯಿತು.

"ಇನ್ನೊಂದ್ಸಲ ಒತ್ತಿ," ಎಂದರು ಮ್ಯಾನೇಜರ್.

"ಯಾರು ಒತ್ತೋದು, ಸರ್? ಉಸಿರು ಕಟ್ಟಿದೋರಾ?"

ಮ್ಯಾನೇಜರ್ ಮುಖ ಕೆಂಪಾಯಿತು. "ಬೆಲೆ ಕೊಡದ ಸಾಲು ಹುಡುಕಿ. ಬರೆದೋರು ಯಾರೇ ಆಗ್ಲಿ, ಇವತ್ತೇ ಮನೆಗೆ ಕಳಿಸ್ತೀನಿ."

ಅರ್ಧ ಗಂಟೆಯಲ್ಲಿ ಆ ಸಾಲು ಸಿಕ್ಕಿತು. ಬರೆದದ್ದು ಹನ್ನೊಂದು ವರ್ಷದ ಹಿಂದೆ, ಹಳೆಯ ಮಾದರಿಗೆ. ಹೊಸದಕ್ಕೆ ನಾವು ಅದನ್ನು ಹಾಗೇ ನಕಲು ಮಾಡಿಕೊಂಡಿದ್ದೆವು. ಪಕ್ಕದಲ್ಲಿ ಬರೆದವರ ಹೆಸರು ಇತ್ತು, ಮೇಡಂ ಹೆಸರು.

"ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ," ಎಂದು ಮ್ಯಾನೇಜರ್ ನಕ್ಕರು. ಅವರ ಕೆನ್ನೆಗೆ ಬಾರಿಸಬೇಕೆನಿಸಿತು. ಹನ್ನೊಂದು ವರ್ಷ ಅದೇ ಸಾಲಿಗೆ ಟಿಕ್ಕು ಹಾಕಿದ ನನ್ನ ಕೈಯನ್ನು ಏನು ಮಾಡಬೇಕೆಂದು ತಿಳಿಯಲಿಲ್ಲ.

ಮೇಡಂ ಇದಾವುದನ್ನೂ ಕೇಳಿಸಿಕೊಳ್ಳಲಿಲ್ಲ. ಆಗಲೇ ಮನೆಗೆ ಫೋನ್ ಮಾಡಿದ್ದರು.

"ಅತ್ತೇ, ಮಿಷನ್ ಓಡ್ತಾ ಇದೆ ತಾನೇ? ಆಫ್ ಮಾಡ್ಬೇಡಿ. ಧೂಳು ಒರೆಸೋಕೂ ಬೇಡ. ನಾನು ಬರೋವರೆಗೂ ಯಾರೂ ಮುಟ್ಟಬೇಡಿ."