ಹಾಲು ಕುಡಿದ ಪೆಟ್ಟಿಗೆ

ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಮುದ್ದು ಅಪ್ಪನ ಹಾರ್ಮೋನಿಯಂಗೆ. ಅದನ್ನು ನಾವು ಪೆಟ್ಟಿಗೆ ಅನ್ನುತ್ತಿದ್ದೆವು. ಅಕ್ಕನಿಗೂ ನನಗೂ ಸೇರಿ ಒಂದೇ ಕಂಬಳಿ, ಪೆಟ್ಟಿಗೆಗೆ ಮಾತ್ರ ಬೇರೆಯೇ ಕಂಬಳಿ! ಬೆಲ್ಲ ತಿಂದ ಕೈಯಲ್ಲಿ ಅದನ್ನು ಮುಟ್ಟಿದರೆ ನಮ್ಮ ಕಥೆ ಮುಗಿದಂತೆಯೇ.

ಅಪ್ಪ ಮಧುಗಿರಿ ಬೆಟ್ಟದ ಬುಡದಲ್ಲಿ ಕುರಿ ಮೇಯಿಸುತ್ತಾ ಹಾಡು ಕಲಿತವನು. ಆಮೇಲೆ ಊರಿಗೆ ಬಂದ ನಾಟಕ ಕಂಪನಿಯ ಬೆನ್ನುಬಿದ್ದು ಪೆಟ್ಟಿಗೆ ನುಡಿಸುವುದನ್ನೂ ಕಲಿತ. ಶಿರಾ, ಕೊರಟಗೆರೆ, ಪಾವಗಡದ ಕಡೆ ಯಾವ ಹಳ್ಳಿಯಲ್ಲಿ ನಾಟಕ ಆಡಿದರೂ ನುಡಿಸಲು, ಹಾಡಲು ಅಪ್ಪನೇ ಬೇಕಿತ್ತು.

ಒಂದು ಸಂಜೆ ಮದಲೂರಿನಲ್ಲಿ ನಾಟಕ. ಅಕ್ಕನನ್ನೂ ನನ್ನನ್ನೂ ಅಪ್ಪ ಕರೆದುಕೊಂಡು ಹೋಗಿದ್ದ. ಕೆರೆಯ ಕಡೆಯಿಂದ ತಣ್ಣನೆ ಗಾಳಿ ಬರುತ್ತಿತ್ತು. ಚಪ್ಪರದ ಹಸಿ ಗರಿಯ ವಾಸನೆ, ವೇಷದ ಬಣ್ಣದ ವಾಸನೆ ಎಲ್ಲ ಬೆರೆತಿತ್ತು. ನಾಟಕಕ್ಕೆ ಮುಂಚೆ ಪೆಟ್ಟಿಗೆಗೆ ಪೂಜೆ ಮಾಡುವುದು ನಮ್ಮ ಕಡೆಯ ರೂಢಿ. ಕುಂಕುಮ, ಹೂವು, ಊದುಬತ್ತಿ, ಅಷ್ಟೇ. ಅಪ್ಪ ಟೀ ಕುಡಿಯಲು ಆಚೆ ಹೋದಾಗ ಆ ಊರಿನ ಒಬ್ಬ ಅಜ್ಜಿ ಬಂದಳು. ಅಪ್ಪನ ಹಾಡೆಂದರೆ ಆಕೆಗೆ ಪ್ರಾಣ. ಪೂಜೆಯಾದ ಮೇಲೆ ಅಭಿಷೇಕ ಬೇಡವೇ? ಒಂದು ಚೊಂಬು ಹಾಲನ್ನು ಭಕ್ತಿಯಿಂದ ಪೆಟ್ಟಿಗೆಯ ಮೇಲೆ ಸುರಿದೇಬಿಟ್ಟಳು!

ಅಪ್ಪ ಓಡಿಬಂದು ಟವಲ್ಲಿನಿಂದ ಒರೆಸಿದ, ಊದಿದ, ಒಂದೊಂದೇ ಮನೆ ಒತ್ತಿ ನೋಡಿದ. ಮನೆ ಅಂದರೆ ಬೆರಳಿಟ್ಟು ಒತ್ತುವ ಪಟ್ಟಿ. ನಡುವಿನ ಒಂದು ಬಿಳಿ ಮನೆ ಸದ್ದೇ ಮಾಡಲಿಲ್ಲ. ಆ ಸ್ವರವಿಲ್ಲದೆ ಅಪ್ಪನ ಯಾವ ಹಾಡೂ ಮುಂದೆ ಸಾಗುವಂತಿರಲಿಲ್ಲ. ಚಪ್ಪರದ ತುಂಬ ಜನ ಕಾಯುತ್ತಿದ್ದರು.

“ಏನವ್ವಾ ಇಂಗ್ ಮಾಡ್ಬುಟ್ಟೆ? ನಾಟ್ಕ ಹಾಳಾಗೋಯ್ತಲ್ಲ!” ಎಂದು ಊರವರು ಅಜ್ಜಿಯನ್ನು ಗದರಿದರು.

“ದ್ಯಾವ್ರು ಇದ್ರೊಳ್ಗೇ ಕುಂತವ್ನೆ ಅನ್ಕಂಡೆ ಕಣಪ್ಪಾ,” ಎಂದು ಆಕೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅಪ್ಪನ ಸಿಟ್ಟು ಗೊತ್ತಿದ್ದ ನಾನು ಅಕ್ಕನ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಅಪ್ಪ ಅಜ್ಜಿಯನ್ನೇ ನೋಡುತ್ತಾ ನಿಂತ. ಅವನ ಮುಖ ಮೆಲ್ಲಗೆ ಸಡಿಲವಾಯಿತು.

“ಬಯ್ಬ್ಯಾಡ್ರಪ್ಪ. ಅವ್ವಾ, ಬಾ, ನನ್ ಪಕ್ಕ ಕುಂತ್ಕ. ಪೆಟ್ಗೆ ಸುಮ್ಕಾದಾಗೆಲ್ಲ ನೀನು ‘ಆ’ ಅನ್ನು.”

ಹಾಡು ಶುರುವಾಯಿತು. ಪೆಟ್ಟಿಗೆ ಮೂಕವಾದ ಕಡೆ ಅಜ್ಜಿ ನಡುಗುತ್ತಾ ‘ಆ’ ಅಂದಳು. ಸ್ವರ ಕೊಂಚ ಆಚೀಚೆಯಾಯಿತು, ಜನ ನಕ್ಕರು. ಅಪ್ಪ ತಲೆದೂಗಿ ತನ್ನ ದನಿಯನ್ನೂ ಸೇರಿಸಿದ. ನಕ್ಕವರೆಲ್ಲ ಸುಮ್ಮನಾದರು. ಅಜ್ಜಿ ಅಳುತ್ತಲೇ ಹಾಡಿದಳು. ನನಗೂ ಅಳು ಬಂತು, ಯಾಕೆಂದು ಆಗ ತಿಳಿಯಲಿಲ್ಲ.

ಅಪ್ಪ ಆ ಮನೆಯನ್ನು ರಿಪೇರಿ ಮಾಡಿಸಲೇ ಇಲ್ಲ. ಬಹಳ ದಿನ ಪೆಟ್ಟಿಗೆ ಹುಳಿ ಹಾಲಿನ ವಾಸನೆ ಬೀರುತ್ತಿತ್ತು, ಇರುವೆಗಳಿಗೂ ಸಂಗೀತದ ಹುಚ್ಚು ಹತ್ತಿತ್ತು. ಮುಂದೆ ಅಪ್ಪ ಎಲ್ಲಿ ಹಾಡಿದರೂ ಆಯಾ ಊರಿನವರೊಬ್ಬರು ಪಕ್ಕದಲ್ಲಿ ಕೂತು ‘ಆ’ ಅನ್ನಬೇಕಿತ್ತು. ಆ ಜಾಗಕ್ಕಾಗಿ ಜನ ಜಗಳವಾಡುತ್ತಿದ್ದರು. ಅಪ್ಪನ ಕೊರಳಿಗೆ ವಯಸ್ಸಾಗಿ ದನಿ ಒಡೆದಾಗ, ಅವನು ಬಿಟ್ಟ ಸ್ವರಗಳನ್ನೂ ಅವರೇ ತುಂಬಿದರು.

ಮಕ್ಕಳೇ, ನಿಮ್ಮ ಕೀಬೋರ್ಡಿನಲ್ಲಿ ಎಲ್ಲ ಮನೆಗಳೂ ನುಡಿಯುತ್ತವೆ. ಗುಂಡಿ ಒತ್ತಿದರೆ ತಬಲವೂ ಕೊಳಲೂ ಬರುತ್ತವೆ. ಮೊನ್ನೆ ನೀವು ಅಪ್ಪನ ಹಾಡನ್ನು ಒಂದು ತಪ್ಪೂ ಇಲ್ಲದೆ ನುಡಿಸಿದಿರಿ, ತುಂಬಾ ಖುಷಿಯಾಯಿತು. ಆದರೂ ಬಾಗಿಲ ಬಳಿ ಕೂತು, ಎಲ್ಲಾದರೂ ಒಂದು ಸ್ವರ ಬಿಟ್ಟುಹೋಗಲೆಂದು ನಾನು ಕಾಯುತ್ತಲೇ ಇದ್ದೆ. ನಾಳೆ ನುಡಿಸುವಾಗ ನಡುವಿನ ಆ ಬಿಳಿ ಮನೆಯನ್ನು ಮುಟ್ಟಬೇಡಿ. ನಾನು ಪಕ್ಕದಲ್ಲಿ ಕೂತು ‘ಆ’ ಅನ್ನುತ್ತೇನೆ.