ವಿಮಲಾಳ ಹೆಸರಿನ ಮುಂದೆ ನಾನು ಬರೆದ ‘ಇಲ್ಲ’

ಆಸ್ಟ್ರೇಲಿಯಾದ ಪರ್ತ್‌ನ ಒಂದು ಮಾರ್ಕೆಟ್ ರಿಸರ್ಚ್ ಕಂಪನಿಯಲ್ಲಿ ಹತ್ತೊಂಬತ್ತು ವರ್ಷ ಫೀಲ್ಡ್ ಸೂಪರ್‌ವೈಸರ್ ಆಗಿದ್ದವನು ನಾನು. ಜನರಿಗೆ ಫೋನ್ ಮಾಡಿ ಅಭಿಪ್ರಾಯ ಕೇಳುವ ಹೊಸಬರಿಗೆ ತರಬೇತಿ ಕೊಡುವುದು ನನ್ನ ಕೆಲಸ. ಮೊದಲ ದಿನವೇ ಹೇಳುತ್ತಿದ್ದೆ: ಒಬ್ಬರ ಉತ್ತರವನ್ನು ಇನ್ನೊಬ್ಬರ ಬಾಯಿಂದ ಕೇಳಿ ಬರೆಯಬೇಡಿ. ಅದನ್ನು ನಾನೇ ಮರೆತದ್ದು ರಿಟೈರ್ ಆಗುವ ವರ್ಷ, 2021ರಲ್ಲಿ.

ಇಲ್ಲಿನ ಕ್ಯಾನಿಂಗ್ ವೇಲ್ ಬಡಾವಣೆಯಲ್ಲಿ ಕ್ಲಿನಿಕ್ ಇಟ್ಟಿದ್ದ ಡಾಕ್ಟರ್ ಶೈಲಜಾ ನಮ್ಮ ಮೈಸೂರಿನವರೇ. ಲೋಕಲ್ ಕೌನ್ಸಿಲ್ ಎಲೆಕ್ಷನ್‌ಗೆ ನಿಲ್ಲಬೇಕೆಂದು ಅವರಿಗೆ ಬಹಳ ಆಸೆ. “ಅಂಕಲ್, ನಮ್ಮೋರೇ ವೋಟ್ ಹಾಕ್ದಿದ್ರೆ ನಿಂತು ಏನ್ ಪ್ರಯೋಜನ? ಒಂದ್ಸಲ ಕೇಳಿ ನೋಡಿ” ಅಂದರು. ಇಲ್ಲಿ ಕೌನ್ಸಿಲ್‌ಗೆ ವೋಟು ಹಾಕುವುದು ಕಡ್ಡಾಯವಲ್ಲ, ಬ್ಯಾಲೆಟ್ ಅಂಚೆಯಲ್ಲಿ ಮನೆಗೇ ಬಂದರೂ ಹಾಕುವವರು ಕಡಿಮೆ. ಹಾಗಾಗಿ ಪರಿಚಯದ ನಲವತ್ತು ಮನೆ ಅಂದರೂ ಸಣ್ಣ ಮಾತಲ್ಲ.

ಒಂದು ವಾರ ಫೋನ್ ಮಾಡಿದೆ. ನನ್ನ ಹತ್ತಿರ ಇದ್ದದ್ದೆಲ್ಲ ಗಂಡಸರ ನಂಬರು. “ಒಳ್ಳೆ ಡಾಕ್ಟ್ರು ಸಾರ್, ಆದ್ರೆ ಸಂಜೆ ಮೀಟಿಂಗ್ ಅಂತ ಹೋದ್ರೆ ಮಕ್ಕಳನ್ನ ಯಾರು ನೋಡ್ಕೋತಾರೆ?” ಅನ್ನುವವರೇ ಹೆಚ್ಚು. ಎದುರು ನಿಲ್ಲಲಿದ್ದವನಿಗೂ ಎರಡು ಚಿಕ್ಕ ಮಕ್ಕಳಿದ್ದವು. ಆತನ ಬಗ್ಗೆ ಒಬ್ಬರೂ ಈ ಪ್ರಶ್ನೆ ಎತ್ತಲಿಲ್ಲ. “ಮನೆಯವರು ಏನಂತಾರೆ?” ಅಂದರೆ, “ನಮ್ಮನೇಲಿ ಇಬ್ರುದ್ದೂ ಒಂದೇ ಸಾರ್” ಅನ್ನುತ್ತಿದ್ದರು. ನಿಮ್ಮ ಹೆಂಡತಿಯನ್ನು ಫೋನಿಗೆ ಕರೆಯಿರಿ ಅನ್ನಲು ನನಗೆ ಸಂಕೋಚ. ಆ ಮನೆಯ ಫಾರ್ಮಿನಲ್ಲಿ ಗಂಡ, ಹೆಂಡತಿ ಇಬ್ಬರ ಹೆಸರಿನ ಮುಂದೂ ‘ಇಲ್ಲ’ ಬರೆದುಕೊಳ್ಳುತ್ತಿದ್ದೆ.

ಮಂಗಳವಾರ ಡಾಕ್ಟರಿಗೆ ಹೇಳಿದೆ: “ಈ ಸಲ ಬೇಡಮ್ಮ, ನಮ್ಮೋರೇ ಕೈ ಕೊಡ್ತಾರೆ.” ಅವರು ಸರಿ ಅಂದರು. ಗುರುವಾರ ನಾಲ್ಕಕ್ಕೆ ನಾಮಪತ್ರದ ಗಡುವು ಮುಗಿಯಿತು.

ಶನಿವಾರ ನನ್ನ ಹೆಂಡತಿ ವಿಮಲಾ ಟೇಬಲ್ ಒರೆಸುತ್ತ ಒಂದು ಫಾರ್ಮ್ ಎತ್ತಿಕೊಂಡಳು. ನಮ್ಮ ಮನೆಯದೇ. ಪ್ರಶ್ನೆಗಳು ಸರಿಯಿವೆಯೇ ನೋಡಲು ಮೊದಲು ನಾನೇ ತುಂಬಿದ್ದು.

“ನನ್ನ ಹೆಸರಿನ ಮುಂದೆ ಇಲ್ಲ ಅಂತ ಬರ್ದಿದೀರಲ್ಲ. ನನ್ನ ಯಾವಾಗ ಕೇಳಿದ್ರಿ?”

ನಾನು ಫಾರ್ಮಿಗೆ ಕೈ ಚಾಚಿದೆ. “ನಾನು ಅವರಿಗೇ ಹಾಕೋಳಿದ್ದೆ” ಅಂದು ಫಾರ್ಮ್ ಇಟ್ಟಳು.

ಅವತ್ತೇ ಅವಳ ಫೋನಿನಿಂದ ಹೆಂಗಸರನ್ನು ಮಾತಾಡಿಸಿದೆ. ಕೆಲವರು ಗಂಡಂದಿರಿಗಿಂತ ಖಾರವಾಗಿ ಬೇಡ ಅಂದರು, ಅದೂ ನಿಜ. ಆದರೆ ಬಹಳ ಮಂದಿ, ನಿಂತಿದ್ದರೆ ಹಾಕುತ್ತಿದ್ದೆವು ಅಂದರು. ವೆಲ್ಷ್‌ಪೂಲ್‌ನ ವೇರ್‌ಹೌಸಿನಲ್ಲಿ ಕೆಲಸ ಮಾಡುವ ಒಬ್ಬಾಕೆ, “ನಾನು ಬೆಳಿಗ್ಗೆ ಐದಕ್ಕೇ ಮನೆ ಬಿಡ್ತೀನಿ ಅಂಕಲ್, ಮಕ್ಕಳನ್ನ ಅವರಪ್ಪನೇ ರೆಡಿ ಮಾಡೋದು. ಡಾಕ್ಟ್ರ ಮನೇಲಿ ಯಾಕಾಗಲ್ಲ?” ಅಂದಳು. ಡಾಕ್ಟರ ಮಕ್ಕಳ ಚಿಂತೆ ನನ್ನ ಹತ್ತಿರ ತೋಡಿಕೊಂಡಿದ್ದ ಪುಣ್ಯಾತ್ಮ ಆಕೆಯ ಗಂಡನೇ.

ಭಾನುವಾರ ಹೋಗಿ ಡಾಕ್ಟರ ಹತ್ತಿರ ತಪ್ಪೊಪ್ಪಿಕೊಂಡೆ. “ಇದೇ ಕೆಲಸ ಮಾಡಿದವರು ಅಂತ ನಂಬಿದ್ದೆ ಅಂಕಲ್” ಅಂದರು, ಅಷ್ಟೆ. ಬೈದಿದ್ದರೆ ಚೆನ್ನಾಗಿತ್ತು. ಅಷ್ಟು ನಾಚಿಕೆ ನನಗೆ ಸರ್ವಿಸ್‌ನಲ್ಲಿ ಎಂದೂ ಆಗಿರಲಿಲ್ಲ. ನಮ್ಮ ಜನ ಹೆಣ್ಣಿಗೆ ವೋಟು ಹಾಕಲ್ಲ ಅಂತ ತೀರ್ಪು ಕೊಟ್ಟಿದ್ದೆ, ಅವರಲ್ಲಿ ಅರ್ಧ ಜನರನ್ನು ನಾನು ಕೇಳಿಯೇ ಇರಲಿಲ್ಲ.

ಎರಡು ವರ್ಷ ಬಿಟ್ಟು, ಮುಂದಿನ ಎಲೆಕ್ಷನ್ ಹೊತ್ತಿಗೆ ಡಾಕ್ಟರು ಮನೆಗೆ ಫೋನ್ ಮಾಡಿದರು. ಎತ್ತಿದವನು ನಾನು. ಈ ಸಲ ಸರಿಯಾಗಿ ಸರ್ವೆ ಮಾಡಿಕೊಡ್ತೀನಮ್ಮ ಅಂತ ಶುರು ಮಾಡಿದೆ.

“ನಿಲ್ಲೋದು ಗ್ಯಾರಂಟಿ ಅಂಕಲ್, ಸರ್ವೆ ಬೇಡ. ಆಂಟಿಗೆ ಕೊಡಿ, ಅವರ ಹತ್ರ ಮಾತಾಡ್ಬೇಕು.”

ಕೊಟ್ಟೆ.