ಸೂರಿಲ್ಲದ ಮನೆಗೆ ಸುಂಕವಿಲ್ಲ

ಸ್ಕಾಟ್ಲೆಂಡಿನ ನಮ್ಮ ಪುಟ್ಟ ಬಂದರಿನಲ್ಲಿ ಸ್ಲೇಟುಕಲ್ಲಿನ ಸೂರು ಹೊದಿಸಲು ಎಕ್ ಮೌವಟ್‌ನನ್ನು ಬಿಟ್ಟರೆ ಇನ್ನೊಬ್ಬನಿರಲಿಲ್ಲ. ಎಪ್ಪತ್ತು ದಾಟಿದರೂ ಏಣಿ ಹತ್ತುತ್ತಿದ್ದ. ಬಾಯಿ ಕೈಗಿಂತ ಚುರುಕು. ಅದೇ ಅವನಿಗೆ ಮುಳುವಾಯಿತು.

ಅವನ ಹೆಂಡತಿ ನೆಟ್ಟಾ ಮೂವತ್ತು ವರ್ಷ ಗ್ರಿಜೆಲ್‌ಳ ಬಲೆಮನೆಯಲ್ಲಿ ಮೀನುಬಲೆ ಹೆಣೆದವಳು. ಈಗ ಮರೆವಿನ ರೋಗ. ಗಂಡನ ಗುರುತೂ ಹತ್ತದು; ಮನೆಯಲ್ಲಿದ್ದರೆ ಬರೀ ಅಳು, ಕಿರುಚಾಟ. ಬಲೆಮನೆಯ ಬೆಂಚಿನ ಮೇಲೆ ಕೂರಿಸಿ, ಕೈಗೆ ಹಳೇ ಬಲೆಯ ತುಂಡು ಕೊಟ್ಟರೆ ಮಾತ್ರ ತಣ್ಣಗಾಗುವಳು. ದೋಣಿಗಳು ನಿಂತುಹೋಗಿ ಬಲೆಮನೆ ಖಾಲಿ ಬಿದ್ದಿತ್ತು. ಗ್ರಿಜೆಲ್ ಬೀಗದ ಕೈಯನ್ನು ಎಕ್‌ನಿಗೇ ಕೊಟ್ಟಿದ್ದಳು. ದಿನಕ್ಕೆ ಎರಡು ಗಂಟೆ ಅವಳನ್ನು ಅಲ್ಲಿ ಕೂರಿಸುತ್ತಿದ್ದ, ಅಷ್ಟೇ ಅವನಿಗೆ ಉಳಿದಿದ್ದ ನೆಮ್ಮದಿ.

ಆಗ ಬಂತು ಹೊಸ ಕಾಯಿದೆ. ವ್ಯಾಪಾರದ ಕಟ್ಟಡ ಖಾಲಿ ಬಿದ್ದಿದ್ದರೂ ಪೂರ್ತಿ ತೆರಿಗೆ ಕಟ್ಟಬೇಕಂತೆ! ಗ್ರಿಜೆಲ್ ಪುರಸಭೆಗೆ ಅಲೆದಳು. ಸುಂಕದವನ ಮುಂದೆ ಸುಖದುಃಖ ಹೇಳಿಕೊಂಡು ಏನು ಬಂತು, ಮಣ್ಣು? ಟೀ ಅಂಗಡಿಯಲ್ಲಿ ಅವಳು ಕಣ್ಣೊರೆಸಿಕೊಳ್ಳುತ್ತಿದ್ದಾಗ, ನಗಿಸೋಣವೆಂದು ಎಕ್ ಬಾಯಿಬಿಟ್ಟ.

"ಸೂರು ಕಿತ್ತಾಕು ತಾಯಿ! ಸೂರಿಲ್ದಿದ್ರೆ ಅವ್ರ ಲೆಕ್ಕಕ್ಕೆ ಅದು ಕಟ್ಟಡಾನೇ ಅಲ್ಲ. ನಮ್ಮಪ್ಪನ ಕಾಲದಲ್ಲಿ ದೊಡ್ಡ ದೊಡ್ಡ ಜಮೀನ್ದಾರ್ರೇ ಬಂಗ್ಲೆ ಸೂರು ಬಿಚ್ಸಿ ಕೂತಿದ್ರು."

ಎಲ್ಲರೂ ನಕ್ಕರು. ಗ್ರಿಜೆಲ್ ನಗಲಿಲ್ಲ. ಮರುವಾರ ಅವನ ಮನೆಗೇ ಬಂದಳು.

"ನೀನೇ ಬಿಚ್ಚಿಕೊಡು, ಎಕ್."

"ಅಯ್ಯೋ, ತಮಾಷೆಗಂದೆ ಕಣೇ! ನೆಟ್ಟಾ ಎಲ್ಲಿಗೆ ಹೋಗ್ಬೇಕು?"

"ತೆರಿಗೆ ಕಟ್ಟೋಕೆ ಹೋದ್ರೆ ನಾನಿರೋ ಮನೇನೇ ಹರಾಜಾಗತ್ತೆ ಮಾರಾಯ. ನೀನಾಗಲ್ಲ ಅಂದ್ರೆ ಸೋಮವಾರ ಯಂತ್ರದೋರು ಬಂದು ಪುಡಿ ಮಾಡ್ತಾರೆ." ಅವಳೂ ಅಳುತ್ತಿದ್ದಳು. ಅವಳದೇನು ತಪ್ಪು, ಹೇಳಿ?

ಎಕ್ ತಾನೇ ಹತ್ತಿದ. ಹರೆಯದಲ್ಲಿ ಇದೇ ಸೂರಿನ ಮೇಲೆ ಕೂತು, ಕೆಳಗೆ ಬಲೆ ಹೆಣೆಯುವ ನೆಟ್ಟಾಳ ಹಾಡು ಕೇಳುತ್ತ, ಎರಡು ದಿನದ ಕೆಲಸವನ್ನು ಎರಡು ವಾರ ಎಳೆದಿದ್ದ. ಈಗ ಹನ್ನೊಂದು ದಿನ ಒಂದೊಂದೇ ಸ್ಲೇಟು ಇಳಿಸಿದ. ಒಂದೂ ಒಡೆಯಲಿಲ್ಲ. ಕೊನೆಗೆ ಬೆಂಚನ್ನು ಹೊತ್ತು ಮನೆಯಲ್ಲಿ ತಂದಿಟ್ಟ. ನೆಟ್ಟಾ ಅದರತ್ತ ತಿರುಗಿಯೂ ನೋಡಲಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಸರ್ಕಾರಕ್ಕೆ ಬುದ್ಧಿ ಬಂತು. ಸಣ್ಣ ಕಟ್ಟಡಗಳಿಗೆ ವಿನಾಯಿತಿ ಎಂದು ಕಾಯಿದೆ ತಿದ್ದಿದರು. ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದರಂತೆ, ಥೂ! ಅಷ್ಟರಲ್ಲಿ ಸ್ಲೇಟೆಲ್ಲ ಮಾರಿಹೋಗಿತ್ತು.

ಒಂದು ಮಧ್ಯಾಹ್ನ ನೆಟ್ಟಾ ಕಣ್ತಪ್ಪಿಸಿ ಹೊರಟಿದ್ದಳು. ಎಕ್ ಹುಡುಕಿಕೊಂಡು ಹೋದರೆ, ಬಲೆಮನೆಯಲ್ಲಿ ಬೆಂಚಿದ್ದ ಜಾಗದಲ್ಲೇ ನೆಲಕ್ಕೆ ಕೂತಿದ್ದಾಳೆ. ಮೇಲಿಂದ ಮಳೆ. ತನ್ನ ಕೋಟು ಬಿಚ್ಚಿ ಹೊದಿಸಿದ. ಅವಳು ಅಪರಿಚಿತನನ್ನು ನೋಡುವಂತೆ ನೋಡಿದಳು.

"ಸೂರು ಸೋರ್ತಿದೆ ನೋಡಿ, ಯಜಮಾನ್ರೇ. ಎಕ್ ಅಂತ ಒಬ್ಬ ಇದ್ದಾನೆ, ಕೆಲಸದಲ್ಲಿ ಬಲು ಚೊಕ್ಕ. ನೆಟ್ಟಾ ಕರೀತಿದ್ದಾಳೆ ಅನ್ನಿ, ಓಡಿ ಬರ್ತಾನೆ."

"ಹೇಳ್ತೀನಮ್ಮ," ಎಂದು ಎಕ್ ಅವಳ ಪಕ್ಕದಲ್ಲಿ ಕೂತ.